ತುಂಬಿಸಿದರೂ ತೀರದ ಹುಳುಕು

ಪೀಣ್ಯ ಎರಡನೇ ಹಂತದಲ್ಲಿ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಯಾವುದಾದರೂ ಮೆಡಿಕಲ್ ಶಾಪಿನ ಮುಂದೆ ಹತ್ತು ನಿಮಿಷ ನಿಂತು ನೋಡಿ. ಜ್ವರಕ್ಕೆ, ಮೈಕೈ ನೋವಿಗೆ, ಗ್ಯಾಸಿಗೆ ಮಾತ್ರೆ ಕೇಳುವವರ ನಡುವೆ ಕೆನ್ನೆ ಹಿಡಿದುಕೊಂಡು ಬಂದವರು ಒಬ್ಬರಾದರೂ ಇರುತ್ತಾರೆ. ‘ಅಣ್ಣಾ, ಹಲ್ಲುನೋವಿಗೆ ಏನಾದ್ರೂ ಕೊಡಿ.’ ‘ಹುಳುಕಾಗಿದ್ಯಾ?’ ‘ಹೂಂ ಅಣ್ಣ, ದವಡೆ ಹಲ್ಲು. ಭಾನುವಾರ ತೋರಿಸ್ಕೋತೀನಿ, ಅಲ್ಲೀವರೆಗೂ ತಡೀಬೇಕು.’ ಅಂಗಡಿಯವನು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾನೆ. ಭಾನುವಾರ ಬರುವಷ್ಟರಲ್ಲಿ ನೋವು ಇಳಿದಿರುತ್ತದೆ. ಹಲ್ಲು ಸುಧಾರಿಸಿ ಇಳಿಯಿತೋ, ಒಳಗಿನ ನರ ಸತ್ತು ಇಳಿಯಿತೋ ಎಂದು ಯಾರೂ ವಿಚಾರಿಸುವುದಿಲ್ಲ.

ಊರಿನ ಇನ್ನೊಂದು ತುದಿ ವೈಟ್‌ಫೀಲ್ಡ್. ಅಲ್ಲಿನ ಒಂದು ಕ್ಲಿನಿಕ್ಕಿಗೆ ಬರೀ ಹಲ್ಲು ಕ್ಲೀನ್ ಮಾಡಿಸಲು ಹೋದ ನನಗೆ, ನಾಲ್ಕು ಹಲ್ಲು ಹುಳುಕಾಗಿವೆ, ನಾಲ್ಕನ್ನೂ ಈಗಲೇ ತುಂಬಿಸಬೇಕು ಎಂದರು. ಎದುರಿನ ಪರದೆಯ ಮೇಲೆ ನನ್ನದೇ ದವಡೆ ಹಲ್ಲು ಒರಳುಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ಅದರ ಗೀರುಗಳಲ್ಲೆಲ್ಲ ಕಪ್ಪು. ಹೆದರಿ ಎದ್ದು ಬಂದು ಅದೇ ವಾರ ಇನ್ನೊಬ್ಬ ವೈದ್ಯರಿಗೆ ತೋರಿಸಿದೆ. ಅವರು ಎಕ್ಸ್‌ರೇ ನೋಡಿ, ‘ಒಂದನ್ನ ತುಂಬೋಣ, ಮಿಕ್ಕ ಮೂರನ್ನ ನೋಡ್ತಾ ಇರೋಣ’ ಎಂದರು. ಒಂದೇ ಬಾಯಿ, ಎರಡು ಲೆಕ್ಕ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದರು ಎಂದು ನಾನು ಆಗ ನಂಬಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಹಲ್ಲು ಯಾಕೆ ಹುಳುಕಾಗುತ್ತದೆ, ಎಷ್ಟು ಹುಳುಕಾದ ಮೇಲೆ ಕೊರೆಯಬೇಕು, ಏನಿಟ್ಟು ತುಂಬಬೇಕು, ಖರ್ಚು ಯಾರದು ಎಂಬ ನಾಲ್ಕು ಪ್ರಶ್ನೆಗಳ ಮೇಲೂ ನೂರಾರು ವರ್ಷಗಳಿಂದ ತಕರಾರಿದೆ. ಆ ತಕರಾರುಗಳಲ್ಲಿ ನನಗೆ ಕಂಡದ್ದು ಇಷ್ಟು: ತೂತು ರೋಗದ ಗುರುತು, ನಾವು ಅದನ್ನೇ ರೋಗ ಎಂದುಕೊಂಡಿದ್ದೇವೆ. ತೂತು ಮುಚ್ಚಿಸಿಕೊಂಡು ಬಂದವರ ಬಾಯಲ್ಲಿ ರೋಗ ಇನ್ನೂ ಕೆಲಸದ ಮೇಲಿರುತ್ತದೆ.

ಹುಳ ಎಂಬ ಮೊದಲ ಸಿದ್ಧಾಂತ

‘ಹುಳುಕು’ ಎಂಬ ಮಾತಿನೊಳಗೇ ಹುಳ ಕೂತಿದೆ. ಅವರೆಕಾಳಿನಲ್ಲಿ ತೂತು ಕಂಡರೆ ಒಳಗೊಂದು ಹುಳ ಇರುತ್ತದೆ. ಹಲ್ಲಿನಲ್ಲೂ ತೂತು ಕಂಡವರು ಹಾಗೇ ಊಹಿಸಿದ್ದರಲ್ಲಿ ತಪ್ಪೇನಿಲ್ಲ. ಬ್ಯಾಬಿಲೋನಿಯಾದ ಮಣ್ಣಿನ ಹಲಗೆಗಳಲ್ಲಿ ಹಲ್ಲಿನ ಹುಳದ ಕಥೆ ಇದೆ. ಸುಶ್ರುತ ಸಂಹಿತೆ ಹಲ್ಲಿನ ರೋಗಗಳನ್ನು ಎಣಿಸುವಾಗ ‘ಕೃಮಿದಂತಕ’ಕ್ಕೆ ಒಂದು ಸ್ಥಾನ ಕೊಟ್ಟಿದೆ. ನಮ್ಮ ಹಳ್ಳಿಗಳಲ್ಲಿ ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ ಆ ಹೊಗೆಯನ್ನು ಬಾಯಿಗೆ ಹಿಡಿಸುವ ಮದ್ದು ಇತ್ತು. ಹೊಗೆ ಹಿಡಿದು ಮುಗಿದ ಮೇಲೆ ನೀರಿನಲ್ಲಿ ಬಿಳಿಯ ಎಳೆಗಳು ತೇಲುತ್ತಿದ್ದವಂತೆ, ‘ನೋಡಿ, ಹುಳ ಬಿತ್ತು!’ ಯುರೋಪಿನಲ್ಲೂ ಇಂಥದ್ದೇ ಇನ್ನೊಂದು ಗಿಡದ ಬೀಜದಿಂದ ಇದೇ ಆಟ ನಡೆದಿತ್ತು. ಅಲ್ಲಿ ತೇಲಿದ್ದು ಬಿಸಿಗೆ ಸಿಡಿದ ಬೀಜದ ಮೊಳಕೆ ಎಂದು ಆಮೇಲೆ ಗೊತ್ತಾಯಿತು.

ಪ್ಯಾರಿಸಿನ ಪಿಯರ್ ಫೋಶಾರ್ 1728ರಲ್ಲಿ ದಂತಚಿಕಿತ್ಸೆಯ ಮೇಲೆ ದೊಡ್ಡ ಗ್ರಂಥ ಬರೆದಾಗ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಸಿಗಲಿಲ್ಲ ಎಂಬ ನಿಲುವಿಗೆ ಬಂದ. ಆದರೂ ಹುಳ ಪೂರ್ತಿ ಸಾಯಲಿಲ್ಲ, ಚಿಕ್ಕದಾಯಿತು ಅಷ್ಟೆ. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್ ಕಿತ್ತ ಹಲ್ಲುಗಳನ್ನು ಎಂಜಲು ಮತ್ತು ಬ್ರೆಡ್ಡಿನ ಜೊತೆ ಬೆಚ್ಚಗೆ ಇಟ್ಟು ನೋಡಿದ. ಹಲ್ಲು ಮೆತ್ತಗಾಯಿತು. ಮಾಂಸ, ಕೊಬ್ಬು ಇಟ್ಟಾಗ ಆಗಲಿಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಹಿಟ್ಟು, ಸಕ್ಕರೆಗಳನ್ನು ಹುಳಿಯಾಗಿಸುತ್ತವೆ, ಆ ಹುಳಿ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು 1890ರ ಪುಸ್ತಕದಲ್ಲಿ ಬರೆದ. ಇವತ್ತಿನ ಎಲ್ಲ ಪಂಥಗಳೂ ಮಿಲ್ಲರ್‌ನ ಮಕ್ಕಳು. ಮಕ್ಕಳ ನಡುವೆ ಮಾತ್ರ ಆಸ್ತಿ ಜಗಳ.

ಜಗಳ ಏನೇ ಇರಲಿ, ಹಳೆಯ ಮದ್ದುಗಳನ್ನೆಲ್ಲ ಒಟ್ಟಿಗೆ ಎಸೆಯುವ ಹಾಗಿಲ್ಲ. ಅಜ್ಜಿ ಹಲ್ಲಿನ ಸಂದಿಗೆ ಇಡುತ್ತಿದ್ದ ಲವಂಗದ ಎಣ್ಣೆಯ ಸಾರವನ್ನೇ ಸತುವಿನ ಪುಡಿಯ ಜೊತೆ ಕಲಸಿ ಇವತ್ತಿಗೂ ತಾತ್ಕಾಲಿಕ ಸಿಮೆಂಟು ಮಾಡುತ್ತಾರೆ. ಡೆಂಟಲ್ ಕ್ಲಿನಿಕ್ಕಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ಆ ವಾಸನೆ ನಮ್ಮ ಮಸಾಲೆ ಡಬ್ಬಿಯದು.

ಅಪರಾಧಿ ಯಾರು: ರೋಗಾಣುವೋ, ಸಕ್ಕರೆಯೋ, ಹೊತ್ತೋ

ಮೊದಲ ಪಂಥ ರೋಗಾಣುವಿನದು. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಹುಳುಕು ಹಲ್ಲಿನಿಂದ ‘ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್’ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದ, ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1954ರಲ್ಲಿ ಅಮೆರಿಕದ ಆರ್ಲ್ಯಾಂಡ್ ತಂಡ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸಕ್ಕರೆ ತುಂಬಿದ ಆಹಾರ ಕೊಟ್ಟಾಗ ಅವುಗಳ ಹಲ್ಲು ಹುಳುಕಾಗಲಿಲ್ಲ. 1960ರಲ್ಲಿ ಪಾಲ್ ಕೀಸ್, ಹುಳುಕು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡಬಲ್ಲದು ಎಂದು ತೋರಿಸಿದ. ಹಾಗಾದರೆ ಇದೂ ಒಂದು ಅಂಟುರೋಗ, ಲಸಿಕೆ ಹಾಕಿದರೆ ಮುಗಿಯಿತು ಎಂಬ ಆಸೆ ಹುಟ್ಟಿತು. ಲಸಿಕೆ ಇನ್ನೂ ಬಂದಿಲ್ಲ. ಮ್ಯೂಟಾನ್ಸ್ ತುಂಬಿದ್ದೂ ಹಲ್ಲು ಗಟ್ಟಿಯಾಗಿರುವವರು, ಅದು ಕಡಿಮೆ ಇದ್ದೂ ಹುಳುಕಾದವರು ಇಬ್ಬರೂ ಇದ್ದಾರೆ. ಈ ಗಂಟು ರೋಗಾಣು ಪಂಥದಿಂದ ಬಿಚ್ಚಲಾಗಲಿಲ್ಲ.

ಎರಡನೇ ಪಂಥದವರು ಸಕ್ಕರೆಯತ್ತ ಬೆರಳು ತೋರಿದರು. ಅವರ ದೊಡ್ಡ ಸಾಕ್ಷಿ ಸ್ವೀಡನ್ನಿನ ವಿಪೆಹೋಮ್ ಎಂಬ, ಬೌದ್ಧಿಕ ವೈಕಲ್ಯವಿದ್ದವರ ಆಸ್ಪತ್ರೆಯಿಂದ ಬಂದದ್ದು. 1947ರಿಂದ ಕೆಲವು ವರ್ಷ ಅಲ್ಲಿನ ರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ತಿನ್ನಿಸಿ, ಹಲ್ಲಿಗೆ ಮೆತ್ತಿಕೊಳ್ಳುವ ಟಾಫಿಯನ್ನೂ ಕೊಟ್ಟು, ಹಲ್ಲು ಎಷ್ಟು ಹಾಳಾಗುತ್ತದೆ ಎಂದು ಲೆಕ್ಕ ಬರೆದುಕೊಂಡರು. ಒಪ್ಪಿಗೆ ಕೊಡಲಾಗದವರ ಬಾಯನ್ನು ಹೀಗೆ ಕೆಡಿಸಿದ್ದು ಇವತ್ತು ಓದಿದರೂ ಹೇಸಿಗೆಯಾಗುತ್ತದೆ. ಆದರೆ 1954ರಲ್ಲಿ ಪ್ರಕಟವಾದ ಫಲಿತಾಂಶವನ್ನು ಯಾರೂ ಅಲ್ಲಗಳೆಯಲಾಗಲಿಲ್ಲ: ಊಟದ ಜೊತೆ ತಿಂದ ಸಿಹಿಗಿಂತ ಊಟ ಊಟದ ನಡುವೆ ಪದೇ ಪದೇ ತಿಂದ ಅಂಟು ಸಿಹಿ ಬಹಳ ಹೆಚ್ಚು ಕೇಡು ಮಾಡಿತ್ತು.

ಯಾಕೆ ಎಂಬುದನ್ನು ಅಷ್ಟರಲ್ಲಾಗಲೇ ರಾಬರ್ಟ್ ಸ್ಟೀಫನ್ ಅಳೆದಿದ್ದ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಲೋಳೆಪದರದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಹಲ್ಲಿನ ಖನಿಜ ಕರಗತೊಡಗುತ್ತದೆ. ಎಂಜಲು ಆ ಹುಳಿಯನ್ನು ತೊಳೆದು ಮತ್ತೆ ಸಮಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲೆ ಎಂಜಲಿನಲ್ಲಿರುವ ಸುಣ್ಣದ ಅಂಶ ಮತ್ತೆ ಹಲ್ಲಿಗೆ ಸೇರಿಕೊಳ್ಳುತ್ತದೆ. ಕರಗುವುದು, ಕೂಡುವುದು ದಿನವಿಡೀ ನಡೆಯುವ ಜಮಾಖರ್ಚು. ಖರ್ಚು ಜಾಸ್ತಿಯಾದ ಕಡೆ ಮೊದಲು ಬಿಳಿ ಮಚ್ಚೆ, ಆಮೇಲೆ ತೂತು.

ಈ ಲೆಕ್ಕವನ್ನು ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಗೆ ಹಚ್ಚಿ ನೋಡೋಣ. ಹತ್ತಕ್ಕೆ ಲಾಗಿನ್ ಆಗುವ ಮೊದಲು ಒಂದು ಟೀ. ಹನ್ನೆರಡಕ್ಕೆ ಕ್ಯಾಬಿನ ಡ್ರೈವರುಗಳ ಜೊತೆ ಗೇಟಿನಾಚೆ ಇನ್ನೊಂದು, ಜೊತೆಗೆ ಬಿಸ್ಕತ್ತು. ಎರಡಕ್ಕೆ ನಿದ್ದೆ ತಡೆಯಲು ಎನರ್ಜಿ ಡ್ರಿಂಕ್, ಅದನ್ನೂ ಗುಟುಕು ಗುಟುಕಾಗಿ. ನಾಲ್ಕಕ್ಕೆ ಮತ್ತೆ ಟೀ. ಚಹಾದಂಗಡಿಯ ಗ್ಲಾಸಿಗೆ ಎರಡು ಚಮಚ, ಅಂದರೆ ಸುಮಾರು 8 ಗ್ರಾಂ ಸಕ್ಕರೆ ಎಂದುಕೊಂಡರೂ ದಿನಕ್ಕೆ ಐದು ಗ್ಲಾಸಾದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಮಿತಿ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬ ಸೂಚನೆಯೂ ಅದರಲ್ಲಿದೆ. ಹಲ್ಲಿನ ಮಟ್ಟಿಗೆ ತೂಕಕ್ಕಿಂತ ಸಲ ಮುಖ್ಯ. ಒಂದರ ಹುಳಿ ಇಳಿಯುವ ಮೊದಲೇ ಇನ್ನೊಂದು. ಬೆಳಿಗ್ಗೆ ಪೀಜಿಗೆ ಬಂದು ಹಲ್ಲುಜ್ಜದೆ ಮಲಗಿದರೆ ನಿದ್ದೆಯಲ್ಲಿ ಎಂಜಲು ಹೆಚ್ಚುಕಡಿಮೆ ನಿಂತೇಹೋಗುತ್ತದೆ, ತೊಳೆಯುವವರೇ ಇಲ್ಲ. ವರ್ಷಕ್ಕೊಮ್ಮೆ ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿನ್ನುವವನಿಗಿಂತ ದಿನಾ ಆರು ಸಲ ಬೈಟು ಹೀರುವವನ ಹಲ್ಲಿಗೆ ಅಪಾಯ ಹೆಚ್ಚು. ‘ನಾನು ಸಕ್ಕರೆ ಬಿಟ್ಟೆ, ಈಗ ಬೆಲ್ಲದ ಕಾಫಿ’ ಎಂದು ಬೀಗುವವರಿಗೂ ಇಲ್ಲಿ ವಿನಾಯಿತಿ ಇಲ್ಲ. ಬೆಲ್ಲದ ಬಹುಪಾಲು ಅದೇ ಸಕ್ಕರೆ, ಬ್ಯಾಕ್ಟೀರಿಯಾಕ್ಕೆ ಬಣ್ಣ ಕಾಣುವುದಿಲ್ಲ.

1994ರಲ್ಲಿ ಬ್ರಿಟನ್ನಿನ ಫಿಲಿಪ್ ಮಾರ್ಷ್ ಈ ಎರಡು ಪಂಥಗಳನ್ನು ಒಂದು ಮಾಡುವ ಮಾತು ಹೇಳಿದ. ಬಾಯಿ ಒಂದು ಕೆರೆಯ ಹಾಗೆ. ಕೊಳಚೆ ಬಿದ್ದಾಗ ಕೆರೆಯಲ್ಲಿ ಅಂತರಗಂಗೆ ಹಬ್ಬುತ್ತದೆ, ಅಂತರಗಂಗೆಯನ್ನು ಎಷ್ಟು ಕಿತ್ತರೂ ಕೊಳಚೆ ನಿಲ್ಲದೆ ಅದು ಹೋಗುವುದಿಲ್ಲ. ಪದೇ ಪದೇ ಹುಳಿಯಾಗುವ ಬಾಯಲ್ಲಿ ಹುಳಿ ತಾಳಬಲ್ಲ ಬ್ಯಾಕ್ಟೀರಿಯಾಗಳೇ ಮೇಲುಗೈ ಸಾಧಿಸುತ್ತವೆ. ಕೆರೆಯ ಹೋಲಿಕೆ ನನ್ನದು. ವರ್ತೂರು, ಬೆಳ್ಳಂದೂರು ಕೆರೆಗಳ ದಡದಲ್ಲಿ ಓಡಾಡುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ನನ್ನ ಮಟ್ಟಿಗೆ ಈ ವಾದವೇ ಹೆಚ್ಚು ಸಂಗತಿಗಳನ್ನು ಬಿಡಿಸುತ್ತದೆ, ತುಂಬಿಸಿದ ಹಲ್ಲಿನ ಪಕ್ಕದ್ದೇ ಎರಡು ವರ್ಷದಲ್ಲಿ ಯಾಕೆ ಹುಳುಕಾಗುತ್ತದೆ ಎಂಬುದನ್ನೂ ಸೇರಿಸಿ.

ನೀರಿನ ವಾದ

ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲಿನಲ್ಲಿ ವೈಟ್‌ಫೀಲ್ಡಿಗೆ ಬಂದಿಳಿಯುವ ಹುಡುಗರಲ್ಲಿ ಕೆಲವರ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಕಾಣುತ್ತದೆ. ಅದು ಕೊಳೆಯಲ್ಲ, ಹುಳುಕೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ಕೊಳವೆಬಾವಿ ಆಳಕ್ಕಿಳಿದ ಹಾಗೆ ನೀರಿನಲ್ಲಿ ಏರಿದ ಫ್ಲೋರೈಡು, ಹಲ್ಲು ಮೂಡುವ ವಯಸ್ಸಿನಲ್ಲಿ ಬಿಟ್ಟ ಗುರುತು. ಇದೇ ಫ್ಲೋರೈಡು ಹುಳುಕು ತಡೆಯುವ ಮದ್ದೂ ಹೌದು ಎಂಬುದು ದಂತವೈದ್ಯದ ವಿಚಿತ್ರಗಳಲ್ಲಿ ಒಂದು.

ಅಮೆರಿಕದ ಕೊಲೊರಾಡೊದಲ್ಲಿ ಇಂಥದ್ದೇ ಕಂದು ಹಲ್ಲುಗಳನ್ನು ನೋಡಿದ ಫ್ರೆಡರಿಕ್ ಮೆಕೆ, ಈ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂದು ಗಮನಿಸಿದ. ಕಾರಣ ಫ್ಲೋರೈಡು ಎಂದು ಗೊತ್ತಾದದ್ದು 1931ರಲ್ಲಿ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಊರು ನಲ್ಲಿ ನೀರಿಗೆ ಅಳತೆ ಮಾಡಿ ಫ್ಲೋರೈಡು ಬೆರೆಸಿದ ಮೊದಲ ನಗರವಾಯಿತು. ಭಾರತದ ಕಥೆ ತಿರುಗುಮುರುಗು. ಇಲ್ಲಿ 1937ರಲ್ಲೇ ನೆಲ್ಲೂರು ಕಡೆಯಿಂದ ಫ್ಲೋರೈಡು ಹೆಚ್ಚಾಗಿ ಮೂಳೆ ಬಾಗಿದವರ ವರದಿ ಬಂದಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ಮಾನಕ. ಬೆರೆಸುವುದಿರಲಿ, ತೆಗೆಯುವುದೇ ನಮ್ಮ ಸರ್ಕಾರಗಳ ತಲೆನೋವು.

ನೀರಿಗೆ ಬೆರೆಸುವ ವಾದವೂ ಈಗ ಮೊದಲಿನಷ್ಟು ಗಟ್ಟಿ ಉಳಿದಿಲ್ಲ. ಫ್ಲೋರೈಡು ಪೇಸ್ಟು ಮನೆಮನೆಗೆ ಬಂದ ಮೇಲೆ ನೀರಿನ ಫ್ಲೋರೈಡಿನಿಂದ ಸಿಗುವ ಹೆಚ್ಚಿನ ಲಾಭ ಚಿಕ್ಕದು ಎಂದು 2024ರ ಕಾಕ್ರೇನ್ ಪರಿಶೀಲನೆ ಹೇಳಿತು. 2025ರಲ್ಲಿ ಅಮೆರಿಕದ ಯೂಟಾ ರಾಜ್ಯ ಬೆರಕೆಯನ್ನೇ ನಿಷೇಧಿಸಿತು. ಉಳಿದದ್ದು ಪೇಸ್ಟು. ಅದರ ಬಗ್ಗೆ ನಮ್ಮಲ್ಲಿ ಒಂದು ಭ್ರಮೆ ಇದೆ. ಇದ್ದಿಲು, ಉಪ್ಪು, ಬೇವಿನ ಕಡ್ಡಿ, 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ, ಈಗಿನ ನೊರೆ ಪೇಸ್ಟು, ಎಲ್ಲದರ ಕೆಲಸವೂ ತಿಕ್ಕಿ ಬೆಳ್ಳಗೆ ಮಾಡುವುದು ಎಂದೇ ನಾವು ಬಗೆದಿದ್ದೇವೆ. ತಿಕ್ಕುವುದರಿಂದ ವಸಡಿಗೆ ಒಳ್ಳೆಯದಾಗುತ್ತದೆ. ಹುಳುಕು ತಡೆಯುವುದರಲ್ಲಿ ದೊಡ್ಡ ಪಾಲು ಫ್ಲೋರೈಡಿನದು. ‘ಹರ್ಬಲ್’ ಎಂದು ಮಾರುವ ಹಲವು ಪೇಸ್ಟುಗಳಲ್ಲಿ ಅದು ಇರುವುದೇ ಇಲ್ಲ. ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಲು ಅರ್ಧ ನಿಮಿಷ ಸಾಕು.

ಹೊರವಲಯದ ನೀರಿಗೆ ಇನ್ನೊಂದು ತೊಡಕಿದೆ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್, ಟ್ಯಾಂಕರು, ಕ್ಯಾನು, ಬೀದಿಯ ಶುದ್ಧ ನೀರಿನ ಘಟಕ. ಒಂದು ಬೀದಿಯಲ್ಲಿ ಫ್ಲೋರೈಡು ಇರುವ ನೀರು, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಆರ್‌ಓ ಯಂತ್ರ ಅದನ್ನು ಬಹುಪಾಲು ಸೋಸಿಬಿಟ್ಟ ನೀರು. ಕೆಮ್ಮಣ್ಣು ರಸ್ತೆಯ ಆಚೆಗೊಂದು, ಈಚೆಗೊಂದು ಪ್ರಯೋಗ ಯಾರೂ ಕೇಳದೆಯೇ ನಡೆದುಹೋಗಿದೆ.

ಕೊರೆಯುವವರು, ಕಾಯುವವರು

ಈಗ ನನ್ನ ನಾಲ್ಕು ಹಲ್ಲಿನ ವಿಷಯಕ್ಕೆ ಬರೋಣ. ಹಲ್ಲು ತುಂಬುವ ಶಾಸ್ತ್ರಕ್ಕೆ ಶಿಸ್ತು ತಂದವನು ಅಮೆರಿಕದ ಜಿ.ವಿ. ಬ್ಲ್ಯಾಕ್. ಹುಳುಕಾದ ಜಾಗವನ್ನಷ್ಟೇ ಅಲ್ಲದೆ ಮುಂದೆ ಹುಳುಕಾಗಬಹುದಾದ ಗೀರುಗಳನ್ನೂ ಈಗಲೇ ಕೊರೆದು ತುಂಬಿಬಿಡಬೇಕು ಎಂಬುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅವನು ಹಾಕಿಕೊಟ್ಟ ಸೂತ್ರ. ತುಂಬಲು ಇದ್ದದ್ದು ಬೆಳ್ಳಿ ಪಾದರಸದ ಮಿಶ್ರಣ. ಅದು ಹಲ್ಲಿಗೆ ಅಂಟುವುದಿಲ್ಲ, ಗುಳಿ ಒಳಗೆ ಅಗಲ, ಬಾಯಿ ಕಿರಿದಾಗಿ ಕೊರೆದರೆ ಮಾತ್ರ ನಿಲ್ಲುತ್ತದೆ. ಹೀಗಾಗಿ ಗಟ್ಟಿ ಹಲ್ಲೂ ಒಂದಿಷ್ಟು ಬಲಿಯಾಗುತ್ತಿತ್ತು. ಆ ಕಾಲಕ್ಕೆ ಅದೇ ಜಾಣತನ. ಫ್ಲೋರೈಡು ಗೊತ್ತಿರಲಿಲ್ಲ, ರೋಗಿ ಮತ್ತೆ ಬರುವ ಭರವಸೆಯೂ ಇರಲಿಲ್ಲ.

ಪಾದರಸದ ಬಗೆಗಿನ ಜಗಳ ಬ್ಲ್ಯಾಕ್‌ಗಿಂತ ಹಳೆಯದು. 1840ರ ದಶಕದಲ್ಲೇ ಅಮೆರಿಕದ ದಂತವೈದ್ಯರ ಸಂಘವೊಂದು ಸದಸ್ಯರಿಂದ ಇದನ್ನು ಮುಟ್ಟುವುದಿಲ್ಲ ಎಂದು ಬರೆಸಿಕೊಂಡಿತ್ತು. ಸಂಘವೇ ಮುಚ್ಚಿಹೋಯಿತು, ಮಿಶ್ರಣ ಉಳಿಯಿತು. ಈಗ ಅದನ್ನು ಹಿಂದೆ ಸರಿಸುತ್ತಿರುವುದು ಪರಿಸರದ ಕಾರಣ. ಪಾದರಸದ ಬಳಕೆ ತಗ್ಗಿಸುವ 2013ರ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು, ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಬಳಕೆಯನ್ನೇ ನಿಲ್ಲಿಸಿತು. ವೈಟ್‌ಫೀಲ್ಡಿನ ಕ್ಲಿನಿಕ್ಕುಗಳಲ್ಲಿ ‘ಬೆಳ್ಳಿ ಫಿಲ್ಲಿಂಗ್’ ಕೇಳಿದರೆ ಹಳೇ ಕಾಲದವರು ಎಂಬಂತೆ ನೋಡುತ್ತಾರೆ. ಆದರೆ ದವಡೆ ಹಲ್ಲಿನಲ್ಲಿ ಅದು ಹಲ್ಲಿನ ಬಣ್ಣದ ರಾಳಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಅಂಚಿನಲ್ಲಿ ಮತ್ತೆ ಹುಳುಕಾಗುವುದೂ ಕಡಿಮೆ ಎಂಬ ಪುರಾವೆಯನ್ನು ಬದಿಗಿಡುವಂತಿಲ್ಲ.

ರಾಳದ ಫಿಲ್ಲಿಂಗ್ ಹುಟ್ಟಿದ ಕಥೆ ಪೀಣ್ಯದವರಿಗೆ ಹಿಡಿಸಬಹುದು. ಲೋಹಕ್ಕೆ ಬಣ್ಣ ಹಿಡಿಯಲಿ ಎಂದು ಕಾರ್ಖಾನೆಗಳು ಮೊದಲು ಫಾಸ್ಫಾರಿಕ್ ಆಮ್ಲದಿಂದ ಮೇಲ್ಮೈ ತೊಳೆಯುವುದನ್ನು ತಿಳಿದಿದ್ದ ಮೈಕೆಲ್ ಬ್ಯೂನೊಕೋರ್, ಅದನ್ನೇ ಹಲ್ಲಿನ ಮೇಲೆ ಮಾಡಿ 1955ರಲ್ಲಿ ಪ್ರಕಟಿಸಿದ. ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಆಗುವ ಉಪಚಾರವೇ ಕುರ್ಚಿಯಲ್ಲಿ ಮಲಗಿದ ನಮ್ಮ ಹಲ್ಲಿಗೂ. 1962ರಲ್ಲಿ ರಾಫೆಲ್ ಬೋವೆನ್‌ನ ರಾಳ ಬಂದ ಮೇಲೆ ಎರಡೂ ಕೂಡಿದವು.

ನಾನು ತುಂಬಿಸಿಕೊಂಡ ಆ ಒಂದು ಹಲ್ಲಿನಲ್ಲಿ ಇದನ್ನೆಲ್ಲ ಹತ್ತಿರದಿಂದ ಕಂಡೆ. ಕಂಡೆ ಎನ್ನುವುದಕ್ಕಿಂತ ಕೇಳಿದೆ, ಮೂಸಿದೆ. ವಸಡಿಗೆ ಸೂಜಿ, ತುಟಿಯ ಒಂದು ಬದಿ ಜೋಮು. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತುವ ಡ್ರಿಲ್ಲಿನ ಕೀರಲು ದನಿ, ಕೊಂಬು ಸುಟ್ಟಂಥ ವಾಸನೆ. ಆಮೇಲೆ ಡ್ರಿಲ್ ಬಿಟ್ಟು ಪುಟ್ಟ ಚಮಚದಂಥ ಉಪಕರಣದಿಂದ ಕೆರೆದರು. ಮೆತ್ತಗಿನ ಕಂದು ಚೂರು ಹಳೇ ಬೆಲ್ಲದ ಪುಡಿಯಂತೆ ಬಂತು. ನೀಲಿ ಬಣ್ಣದ ಆಮ್ಲದ ಲೇಪ, ತೊಳೆತ, ಗಾಳಿ, ಅಂಟು, ಪದರ ಪದರವಾಗಿ ರಾಳ, ಪ್ರತಿ ಪದರಕ್ಕೂ ನೀಲಿ ಬೆಳಕು. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ ಎತ್ತರ ಸವೆಸಿದರು. ಮುಕ್ಕಾಲು ಗಂಟೆಯ ಈ ಕುಸುರಿಯಲ್ಲಿ ಒಂದು ಹನಿ ಎಂಜಲು ಒಳಗೆ ಹೋದರೂ ಅಂಟು ಕೆಡುತ್ತದಂತೆ. ಹೊರಗೆ ಇನ್ನೂ ಆರು ಜನ ಕಾದು ಕೂತಿದ್ದರು.

ಕೆರೆಯುವಾಗ ವೈದ್ಯರು ತಳದಲ್ಲಿ ಸ್ವಲ್ಪ ಮೆತ್ತಗಿನದನ್ನು ಹಾಗೇ ಬಿಟ್ಟರು. ಬ್ಲ್ಯಾಕ್ ಕಂಡಿದ್ದರೆ ಗದರುತ್ತಿದ್ದ. ಈ ‘ಬಿಡುವ’ ಪಂಥದ ಬಲವಾದ ಸಾಕ್ಷಿ 1998ರಲ್ಲಿ ಬಂದ ಮರ್ಟ್ಸ್–ಫೇರ್‌ಹರ್ಸ್ಟ್ ಅಧ್ಯಯನ. ಹುಳುಕನ್ನು ಒಳಗೇ ಬಿಟ್ಟು ಬಿಗಿಯಾಗಿ ಮುಚ್ಚಿದ ಹಲ್ಲುಗಳಲ್ಲಿ ಹತ್ತು ವರ್ಷದ ಮೇಲೂ ಹುಳುಕು ಬೆಳೆದಿರಲಿಲ್ಲ. ಆಹಾರ ಸಿಗದ ಬ್ಯಾಕ್ಟೀರಿಯಾ ಒಳಗೇ ಸುಮ್ಮನಾಗುತ್ತದೆ. ನರದ ಹತ್ತಿರ ಪೂರ್ತಿ ಕೆರೆದು ತೂತಾಗಿಸಿ, ‘ನರದವರೆಗೂ ಹೋಗಿದೆ, ರೂಟ್ ಕೆನಾಲ್ ಮಾಡಿಸಬೇಕು, ಆಮೇಲೆ ಕ್ಯಾಪ್’ ಎನ್ನುವುದಕ್ಕಿಂತ ಇದು ಮೇಲು ಎಂಬುದು ಈಗ ಸಾಕಷ್ಟು ಒಪ್ಪಿತವಾದ ಮಾತು.

ಇದಕ್ಕೂ ಸರಳ ದಾರಿಗಳು ಬಡ ದೇಶಗಳಿಂದ ಬಂದವು. 1980ರ ದಶಕದ ನಡುವೆ ತಾಂಜಾನಿಯಾದಲ್ಲಿ, ಕರೆಂಟೂ ಡ್ರಿಲ್ಲೂ ಇಲ್ಲದ ಕಡೆ, ಕೈ ಉಪಕರಣದಿಂದ ಕೆರೆದು ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟು ತುಂಬುವ ಕ್ರಮವನ್ನು ಯೋ ಫ್ರೆಂಕನ್ ರೂಪಿಸಿದ. ಜಪಾನಿನಲ್ಲಿ 1970ರ ಹೊತ್ತಿಗೇ ಬಳಕೆಯಲ್ಲಿದ್ದ ಬೆಳ್ಳಿ–ಫ್ಲೋರೈಡು ದ್ರವವನ್ನು ಒಂದು ಹನಿ ಸವರಿದರೆ ಹುಳುಕು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಸೂಜಿಯಿಲ್ಲ, ಕೊರೆತವಿಲ್ಲ, ಐದು ನಿಮಿಷದ ಕೆಲಸ. ಈ ದ್ರವ, ಆ ಸಿಮೆಂಟು, ಫ್ಲೋರೈಡು ಪೇಸ್ಟು ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ತೊಂದರೆ ಒಂದೇ, ದ್ರವ ಹಚ್ಚಿದ ಜಾಗ ಮಸಿಗಪ್ಪಾಗುತ್ತದೆ. ಮಗುವಿನ ದವಡೆಯ ಹಾಲುಹಲ್ಲಾದರೆ ನಡೆದೀತು. ಮುಂದಿನ ಹಲ್ಲಿಗೆ ಹಚ್ಚುತ್ತೇನೆಂದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ರಜೆ, ಸಂಬಳ, ಇಎಸ್‌ಐ ಕಾರ್ಡು

ಕೊನೆಯ ಪಂಥ ಬಾಯಿಂದ ಹೊರಕ್ಕೆ ಬಂದು ನೋಡುತ್ತದೆ. ಲಂಡನ್ನಿನ ಆಬ್ರಿ ಶೀಹಮ್, ರಿಚರ್ಡ್ ವಾಟ್ ಮೊದಲಾದವರ ವಾದ ಇದು: ಯಾರ ಹಲ್ಲು ಹಾಳಾಗುತ್ತದೆ ಎಂಬುದನ್ನು ಬ್ರಷ್ಷಿಗಿಂತ ಮೊದಲು ದುಡಿಮೆ, ದುಡ್ಡು, ಅಂಗಡಿಯಲ್ಲಿ ಏನು ಅಗ್ಗ ಎಂಬುದು ನಿರ್ಧರಿಸುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಓಡಾಡಿದ ಮೇಲೆ ನನಗೆ ಇದು ವಾದವಾಗಿ ಕಾಣುವುದೇ ಇಲ್ಲ, ಕಣ್ಣೆದುರಿನ ವಿವರವಾಗಿ ಕಾಣುತ್ತದೆ.

ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐ ನೋಡಿ. ಸಂಬಳದಿಂದ ನೂರಕ್ಕೆ 75 ಪೈಸೆ ಕಾರ್ಮಿಕನದು, 3 ರೂಪಾಯಿ 25 ಪೈಸೆ ಮಾಲೀಕನದು. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಆಸ್ಪತ್ರೆ ಇದೆ, ಹಲ್ಲಿನ ಚಿಕಿತ್ಸೆಗೆ ಕೈಯಿಂದ ದುಡ್ಡು ಕೊಡಬೇಕಿಲ್ಲ. ಆದರೆ ಅದು ಹಗಲಿನ ಹೊತ್ತು, ವಾರದ ದಿನ. ಗಾರ್ಮೆಂಟ್ಸಿನಲ್ಲಿ ಲೈನಿಗೆ ಕೂತ ಹೆಣ್ಣುಮಗಳಿಗೆ ಅರ್ಧ ದಿನದ ರಜೆ ಎಂದರೆ ಅರ್ಧ ದಿನದ ಕೂಲಿ, ಕೆಲವೊಮ್ಮೆ ಹಾಜರಾತಿ ಬೋನಸ್ಸೂ ಸೇರಿ. ಹಲ್ಲು ಉಳಿಸಲು ಮೂರು ನಾಲ್ಕು ಸಲ ಬರಬೇಕು, ಕೀಳಿಸಲು ಒಂದು ಸಲ ಸಾಕು. ಆಕೆ ಕೀಳಿಸುತ್ತಾಳೆ. ಇದನ್ನು ಅಜ್ಞಾನ ಎನ್ನುವವರು ಆಕೆಯಷ್ಟು ಚೆನ್ನಾಗಿ ಲೆಕ್ಕ ಹಾಕಬಲ್ಲರೇ ಎಂಬುದು ನನ್ನ ಅನುಮಾನ. ತಿಂಗಳಿಗೆ 21,000 ರೂಪಾಯಿ ದಾಟಿದವರು ಇಎಸ್‌ಐನಿಂದ ಹೊರಕ್ಕೆ, 2017ರ ಜನವರಿಯಿಂದ ಇದೇ ಮಿತಿ. ಆಮೇಲೆ ಸಿಗುವ ಕಂಪನಿ ಇನ್ಶೂರೆನ್ಸು ಸಾಮಾನ್ಯವಾಗಿ ಅಪಘಾತದಲ್ಲಿ ಹಲ್ಲು ಮುರಿದರೆ ಕೊಡುತ್ತದೆ, ಹುಳುಕಿಗೆ ಕೊಡುವುದಿಲ್ಲ. ಸಂಬಳ ಏರಿದಾಗ ಹಲ್ಲು ಅನಾಥವಾಗುತ್ತದೆ. ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಗಾದೆಗೆ ಇದು ಹೊರವಲಯದ ಪಾಠಾಂತರ.

ವೈದ್ಯರ ಕೊರತೆ ಎನ್ನೋಣವೇ? 1958ರಲ್ಲಿ ಬೆಂಗಳೂರು ಕೋಟೆಯ ಬಳಿ ಸರ್ಕಾರಿ ದಂತ ಕಾಲೇಜು ಶುರುವಾದ ಮೇಲೆ ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳ ಸಾಲಿಗೆ ಕರ್ನಾಟಕ ಬಂದಿದೆ. ವೈಟ್‌ಫೀಲ್ಡಿನಲ್ಲಿ ವೈದೇಹಿ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೇಷ್ಟರ ಕಣ್ಣೆದುರಿಗೆ ಕಡಿಮೆ ದುಡ್ಡಿಗೆ, ನಿಧಾನವಾಗಿ, ಬಹಳ ಸಲ ಚೆನ್ನಾಗಿಯೇ ತುಂಬುತ್ತಾರೆ. ಮತ್ತೆ ಅದೇ ತೊಡಕು, ಹಗಲು ಹೊತ್ತು. ಕಾರ್ಖಾನೆಗೆ ಬರುವ ದಂತ ಶಿಬಿರಗಳಲ್ಲಿ ನಾನು ಕಂಡದ್ದು ಟಾರ್ಚು, ಕನ್ನಡಿ, ಒಂದು ಚೀಟಿ, ಒಂದು ಸಣ್ಣ ಪೇಸ್ಟು. ತುಂಬುವ ಕುರ್ಚಿ ವ್ಯಾನಿನಲ್ಲೇ ಇದ್ದದ್ದು ಅಪರೂಪ.

ಸರ್ಕಾರದ ಮನಸ್ಸೂ ಎರಡಾಗಿದೆ. ಬಡ ವೃದ್ಧರಿಗೆ ಉಚಿತ ದಂತಪಂಕ್ತಿ ಕೊಡುವ ‘ದಂತ ಭಾಗ್ಯ’ ರಾಜ್ಯದಲ್ಲಿದೆ. ಒಳ್ಳೆಯದೇ, ಆದರೆ ಹಲ್ಲು ಹೋದ ಮೇಲಿನ ಭಾಗ್ಯ ಅದು. 2025ರ ಸೆಪ್ಟೆಂಬರ್ 22ರಿಂದ ಪೇಸ್ಟು, ಬ್ರಷ್ಷಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕಿಳಿಯಿತು. ಅದೇ ದಿನ ಬಿಸ್ಕತ್ತು, ಚಾಕೊಲೇಟಿನದೂ 5ಕ್ಕಿಳಿಯಿತು.

ನಡುವೆ ಒಂದು ಮಾತು. ಹೊಸಕೋಟೆ, ಆನೇಕಲ್ ಕಡೆಯ ಹಿರಿಯರು ದವಡೆ ಹಲ್ಲಿಲ್ಲದೆಯೂ ದಶಕಗಟ್ಟಲೆ ಹೇಗೆ ನಿಭಾಯಿಸಿದರು ಎಂದರೆ, ರಾಗಿಮುದ್ದೆ ನುಂಗುವ ವಸ್ತು, ಅಗಿಯುವಂತಿಲ್ಲ. ಕಲಬುರಗಿ, ರಾಯಚೂರಿನಿಂದ ಬಂದು ಪೀಣ್ಯದಲ್ಲಿ ದುಡಿಯುವವರಿಗೆ ಆ ಸೌಲಭ್ಯ ಇಲ್ಲ. ಜೋಳದ ಖಡಕ್ ರೊಟ್ಟಿಗೆ ದವಡೆ ಬೇಕೇ ಬೇಕು.

ಇನ್ನೂ ತೀರ್ಮಾನವಾಗದ್ದು

ದೇಶದ ದಂತ ಪರಿಷತ್ತು 2002–03ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ನೂರಕ್ಕೆ 53.8, 35ರಿಂದ 44ರ ವಯಸ್ಸಿನವರಲ್ಲಿ 80.2 ಮಂದಿಗೆ ಹುಳುಕಿತ್ತು. ಇವತ್ತಿಗೂ ಲೇಖನಗಳಲ್ಲಿ ಓಡಾಡುವುದು ಅದೇ ಅಂಕಿಗಳು. ಆಗ ವೈಟ್‌ಫೀಲ್ಡ್ ಬೆಂಗಳೂರು ಪಾಲಿಕೆಯೊಳಗೇ ಇರಲಿಲ್ಲ, ರಾತ್ರಿ ಪಾಳಿಯ ಊಟ ತಂದುಕೊಡುವ ಆ್ಯಪುಗಳೂ ಇರಲಿಲ್ಲ. ರಾತ್ರಿ ದುಡಿಮೆ ತಾನೇ ಹುಳುಕು ಹೆಚ್ಚಿಸುತ್ತದೋ, ಜೊತೆಗೆ ಬರುವ ಸಕ್ಕರೆ ಹೆಚ್ಚಿಸುತ್ತದೋ ಎಂಬುದನ್ನು ಬಿಡಿಸಿ ನೋಡುವ ಕೆಲಸ ಬಾಕಿ ಇದೆ.

ಆರ್‌ಓ ನೀರಿನ ಪ್ರಶ್ನೆಗೂ ಉತ್ತರ ಕೂಡಿಲ್ಲ. ನೀರಿನಿಂದ ಫ್ಲೋರೈಡು ಹೋದ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಪೇಸ್ಟಿನದಷ್ಟೇ ಸಾಕೇ? ನಮ್ಮ ಕಾನೂನು ಪೇಸ್ಟಿನಲ್ಲಿ 1000 ಪಿಪಿಎಂ ಮೀರಗೊಡುವುದಿಲ್ಲ, ಯುರೋಪಿನ ದೊಡ್ಡವರ ಪೇಸ್ಟಿನಲ್ಲಿ ಸಾಮಾನ್ಯವಾಗಿ 1450 ಇರುತ್ತದೆ. ಕೋಲಾರದ ಮಗುವನ್ನೂ ವೈಟ್‌ಫೀಲ್ಡಿನ ಮಗುವನ್ನೂ ಒಂದೇ ಅಳತೆಯಲ್ಲಿ ಇಡಬೇಕೇ ಎಂಬುದರಲ್ಲಿ ಎರಡು ಕಡೆಗೂ ನ್ಯಾಯವಿದೆ.

ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂಬ ನಿಯಮದ ಬುಡವೂ ಅಲುಗಿದೆ. ಬ್ರಿಟನ್ನಿನಲ್ಲಿ ದೊಡ್ಡವರನ್ನು ನಾಲ್ಕು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳಿಗೆ ಬಂದವರಿಗೂ, ಅಪಾಯ ಕಡಿಮೆ ಎಂದು ಎರಡು ವರ್ಷಕ್ಕೊಮ್ಮೆ ಬಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು ಬಂದ ಮೇಲೇ ಬಾಗಿಲು ತಟ್ಟುವ ನಮ್ಮವರಿಗೆ ಆ ಫಲಿತಾಂಶ ಹೊಂದುತ್ತದೆಯೇ? ಹೊಂದುತ್ತದೆ ಎನ್ನುವ ಧೈರ್ಯ ನನಗಿಲ್ಲ.

ಪಾದರಸ ಹೋದ ಮೇಲೆ, ದುಬಾರಿ ರಾಳ ತುಂಬಿಸಲಾಗದವನ ದವಡೆ ಹಲ್ಲಿಗೆ ಏನು ಎಂಬುದೂ ಬಗೆಹರಿದಿಲ್ಲ. ಗ್ಲಾಸ್ ಅಯೊನೊಮರ್ ಅಗ್ಗ, ಫ್ಲೋರೈಡನ್ನೂ ಬಿಡುತ್ತದೆ, ಎರಡು ಬದಿ ಕಳೆದುಕೊಂಡ ಹಲ್ಲಿನಲ್ಲಿ ಮಾತ್ರ ಬೇಗ ಸವೆದು ಮುರಿಯುತ್ತದೆ. ಇನ್ನು ಎಲ್ಲಿಯವರೆಗೆ ಕಾಯಬೇಕು, ಎಲ್ಲಿಂದ ಕೊರೆಯಬೇಕು ಎಂಬ ಗೆರೆ. ಎಕ್ಸ್‌ರೇಯಲ್ಲಿ ನೆರಳು ಹಲ್ಲಿನ ಹೊರಕವಚದಲ್ಲೇ ಇದ್ದರೆ ಕಾಯಿರಿ, ಒಳಪದರಕ್ಕೆ ಆಳವಾಗಿ ಇಳಿದಿದ್ದರೆ ತುಂಬಿರಿ ಎಂಬಲ್ಲಿಗೆ ಬಹುಪಾಲು ಜನ ಒಪ್ಪುತ್ತಾರೆ. ಈ ಎರಡರ ನಡುವಿನ ಒಂದು ಮಿಲಿಮೀಟರಿನಲ್ಲಿ ಇಬ್ಬರು ಪ್ರಾಮಾಣಿಕ ವೈದ್ಯರು ಎರಡು ಮಾತು ಹೇಳಬಹುದು. ಒಬ್ಬರಿಗೆ ತುಂಬಿದ್ದಕ್ಕೆ ಫೀಸು ಸಿಗುತ್ತದೆ, ಇನ್ನೊಬ್ಬರಿಗೆ ಕಾದಿದ್ದಕ್ಕೆ ಸಿಗುವುದಿಲ್ಲ ಎಂಬುದೂ ಆ ಮಿಲಿಮೀಟರಿನೊಳಗೇ ಇದೆ.

ನನ್ನ ಮೂರು ಹಲ್ಲುಗಳು ಸದ್ಯಕ್ಕೆ ಹಾಗೇ ಇವೆ. ಮುಂದಿನ ಎಕ್ಸ್‌ರೇ ಫೆಬ್ರವರಿಯಲ್ಲಿ.